ಮಧುನಾಶಿನಿ ಎಲೆ ಪರೀಕ್ಷೆಗೆ ಹೋದದ್ದು

ಬಾಯಾರಿಕೆ ಯಾರಿಗೆ ಆಗುವುದಿಲ್ಲ? ದಿನವೆಲ್ಲ ಒಲೆಯ ಮುಂದೆ ನಿಲ್ಲುವವನಿಗೆ ಇನ್ನಷ್ಟು ಆಗುತ್ತದೆ. ಅದಕ್ಕೇ ಅಲ್ಲಪ್ಪನ ಬಾಯಾರಿಕೆಯನ್ನು ಮನೆಯವರು ಬಹಳ ದಿನ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಇದು ಸ್ವಾತಂತ್ರ್ಯ ಬರುವುದಕ್ಕೆ ಮೊದಲಿನ ಕಾಲದ ಕಥೆ. ೧೯೩೮ನೇ ಇಸವಿ ಅಂತ ಇಟ್ಟುಕೊಳ್ಳಿ. ಗಡಹಿಂಗ್ಲಜ ಕಡೆಗೆ, ಹಿರಣ್ಯಕೇಶಿ ದಂಡೆಯ ಮೇಲೆ ಒಂದು ಊರು. ಸುತ್ತ ಕಬ್ಬು. ಸುಗ್ಗಿ ಬಂತೆಂದರೆ ಗಾಣಗಳು ತಿರುಗುತ್ತಿದ್ದವು, ಕೊಪ್ಪರಿಗೆಗಳು ಕುದಿಯುತ್ತಿದ್ದವು, ಊರಿಗೆ ಊರೇ ಬೆಲ್ಲದ ವಾಸನೆ. ಅಲ್ಲಪ್ಪ ಅಲ್ಲಿ ಬೆಲ್ಲ ಇಳಿಸುವವನು. ಆ ಕಡೆ ಅಂಥವನಿಗೆ ಗುಳವ್ಯಾ ಅನ್ನುತ್ತಾರೆ. ಕಬ್ಬಿನ ಹಾಲಿಗೆ ಸುಣ್ಣ ಎಷ್ಟು ಹಾಕಬೇಕು, ಪಾಕ ಯಾವಾಗ ಇಳಿಸಬೇಕು ಎಂಬುದು ಅವನ ಕಣ್ಣಿಗೆ, ಕೈಗೆ ಗೊತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅವನ ನಾಲಿಗೆಗೆ ಗೊತ್ತಿತ್ತು. ಒಂದು ಹನಿ ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ಮುಟ್ಟಿಸಿದರೆ ಸಾಕು, ಕಬ್ಬು ಯಾವ ಹೊಲದ್ದು ಎಂದು ಹೇಳುತ್ತಿದ್ದ. ಕೊಲ್ಲಾಪುರದ ಪೇಟೆಯಲ್ಲಿ ಅವನು ಇಳಿಸಿದ ಬೆಲ್ಲದ ಪೆಂಟಿ, ಅಂದರೆ ದೊಡ್ಡ ಗಟ್ಟಿ, ಬಂದರೆ ವ್ಯಾಪಾರಿಗಳು ಒಡೆದೂ ನೋಡುತ್ತಿರಲಿಲ್ಲ.

ಅಂಥ ಅಲ್ಲಪ್ಪ ದಿನೇದಿನೇ ಇಳಿಯತೊಡಗಿದ. ಒಂದು ಕೊಡ ನೀರು ಒಬ್ಬನೇ ಕುಡಿಯುವನು. ಮತ್ತೆಮತ್ತೆ ಹಿತ್ತಲಿಗೆ ಹೋಗುವನು. ಉಂಡರೂ ಹಸಿವು, ಮಲಗಿದರೂ ಸುಸ್ತು. ಅಂಗಿ ಮೈಮೇಲೆ ಜೋಲಾಡತೊಡಗಿತು. ಹಿತ್ತಲಲ್ಲಿ ಅವನು ಕೂತೆದ್ದ ಜಾಗಕ್ಕೆ ಇರುವೆ ಮುತ್ತುವುದನ್ನು ಹೆಂಡತಿ ಚನ್ನವ್ವ ನೋಡಿದಳು. ಅದೇ ಹೊತ್ತಿಗೆ ಅವನ ಕಾಲಿನ ಹೆಬ್ಬೆರಳ ಮೇಲೆ ಬಿಸಿ ಪಾಕ ಸಿಡಿದು ಸುಟ್ಟಿತ್ತು. ಗುಳವ್ಯಾನ ಕಾಲಿಗೆ ಪಾಕ ಸಿಡಿಯುವುದು ಹೊಸದಲ್ಲ. ಆದರೆ ಈ ಸಲದ ಗಾಯ ಮಾಯಲಿಲ್ಲ. ಹಸಿಯಾಗಿಯೇ ಉಳಿಯಿತು.

ಚನ್ನವ್ವ ನಾಗೂಬಾಯಿಯ ಮನೆಗೆ ಹೋದಳು.

ನಾಗೂಬಾಯಿ ಆ ಊರಿನ ಔಷಧಿ ಕೊಡುವ ಹೆಂಗಸು. ವಯಸ್ಸಾದವಳು, ಮರಾಠಿ ಬೆರೆತ ಕನ್ನಡ ಆಡುತ್ತಿದ್ದಳು. ಊರವರೆಲ್ಲ ಆಯಿ, ಅಂದರೆ ತಾಯಿ, ಎಂದು ಕರೆಯುತ್ತಿದ್ದರು. ಸಾಮಾನಗಡದ ಗುಡ್ಡ ಹತ್ತಿ ಬೇರು, ತೊಗಟೆ, ಎಲೆ ತಂದು ಒಣಗಿಸಿ ಇಡುತ್ತಿದ್ದಳು. ಯಾರಿಗೂ ಮೋಸ ಮಾಡಿದವಳಲ್ಲ. ಇರುವೆಯ ಮಾತು ಕೇಳಿದ ಕೂಡಲೇ ಇದು ಸಕ್ಕರೆ ಬೇನೆ ಎಂದು ಹೇಳಿದಳು. ಒಂದು ಬಳ್ಳಿಯ ಎಲೆ ಕೊಟ್ಟು, ಮುಂಜಾನೆ ಸಂಜೆ ಅಗಿದು ನುಂಗಬೇಕು ಎಂದಳು.

ಅಲ್ಲಪ್ಪ ಎಲೆ ಅಗಿದ. ಕಹಿಯಾಗಿತ್ತು. ಬಾಯಿ ಮುಕ್ಕಳಿಸಿ ಬೆಲ್ಲದ ಚೂರು ಹಾಕಿಕೊಂಡರೆ ಆಶ್ಚರ್ಯ. ಬೆಲ್ಲ ಮರಳು ತಿಂದ ಹಾಗೆ ಇತ್ತು. ಸಿಹಿ ಎಂಬುದೇ ಇಲ್ಲ. ಸುದ್ದಿ ಊರಲ್ಲಿ ಹರಡಿತು. ಬಂದವರೆಲ್ಲ ಎಲೆ ಅಗಿದು, ಬೆಲ್ಲ ತಿಂದು, ತಲೆ ಆಡಿಸಿದರು. ಬಾಯಲ್ಲಿನ ಸಿಹಿಯನ್ನೇ ಕೊಲ್ಲುವ ಎಲೆ ಮೈಯಲ್ಲಿನ ಸಕ್ಕರೆಯನ್ನು ಬಿಡುತ್ತದೆಯೇ ಎಂದು ಎಲ್ಲರೂ ಮಾತಾಡಿಕೊಂಡರು. ಅಲ್ಲಪ್ಪನೂ ಹಾಗೇ ತಿಳಿದ. ಎಲೆ ಇರುವಾಗ ಪಥ್ಯ ಯಾಕೆ ಎಂದು ಮೊದಲಿಗಿಂತ ಹೆಚ್ಚು ಬೆಲ್ಲ ತಿನ್ನತೊಡಗಿದ. ಹೋಳಿಗೆ ಬಿಡಲಿಲ್ಲ, ಕಬ್ಬಿನ ಹಾಲು ಬಿಡಲಿಲ್ಲ.

ಒಂದು ದಿನ ಎಲೆ ಅಗಿದ ಬಾಯಲ್ಲೇ ಕೊಪ್ಪರಿಗೆಯ ಮುಂದೆ ನಿಂತ. ಹಾಲಿನ ಹನಿ ನಾಲಿಗೆಗೆ ಮುಟ್ಟಿಸಿದ. ಸಿಹಿ ಸಿಗದ ನಾಲಿಗೆಗೆ ಬರೀ ಸುಣ್ಣದ ಒಗರು ಹತ್ತಿತು. ಸುಣ್ಣ ಹೆಚ್ಚಾಗಿದೆ ಎಂದುಕೊಂಡು ಮುಂದೆ ಹಾಕಬೇಕಾದ ಸುಣ್ಣವನ್ನು ಹಾಕಲಿಲ್ಲ. ಆ ದಿನದ ಬೆಲ್ಲ ಗಟ್ಟಿಯಾಗಲೇ ಇಲ್ಲ, ಅಚ್ಚಿನಲ್ಲಿ ಹಿಟ್ಟಿನಂತೆ ಕೂತಿತು. ಕಬ್ಬಿನ ಧಣಿ ದುಂಡಪ್ಪ ಎಲ್ಲರ ಮುಂದೆ, ಅಲ್ಲಪ್ಪನ ಕಾಲ ಮುಗಿಯಿತು ಎಂದು ಹೇಳಿ ಹೋದ. ಅಲ್ಲಪ್ಪ ತಲೆ ತಗ್ಗಿಸಿ ಮನೆಗೆ ಬಂದ. ಅವನ ಹೆಬ್ಬೆರಳು ಕಪ್ಪಗಾಗಿ ವಾಸನೆ ಹೊಡೆಯತೊಡಗಿದ್ದು ಅದೇ ವಾರ.

ಚನ್ನವ್ವನ ತಂಗಿ ಗೌರವ್ವ ಕೊಲ್ಲಾಪುರದ ಶುಕ್ರವಾರ ಪೇಟೆಯಲ್ಲಿ ಇದ್ದಳು. ಅಕ್ಕನನ್ನು ನೋಡಲು ಬಂದವಳು ಭಾವನ ಕಾಲು ಕಂಡು ಹೆದರಿದಳು. ತಮ್ಮ ಓಣಿಯಲ್ಲಿ ಪದ್ಮಕುಮಾರ ಎಂಬ ಡಾಕ್ಟರು ಇದ್ದಾನೆ, ಉದಗಾಂವದ ಜೈನ ಒಕ್ಕಲುತನದ ಮನೆಯವನು, ಮುಂಬೈಯಲ್ಲಿ ಓದಿ ಬಂದವನು ಎಂದು ಹೇಳಿದಳು. ಮುಂದಿನ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಾನೆ, ಹಿಂದಿನ ಕೋಣೆಯಲ್ಲಿ ರಕ್ತ, ಮೂತ್ರ ಎಲ್ಲ ಪರೀಕ್ಷೆ ಮಾಡುತ್ತಾನೆ ಎಂದಳು.

ಅಲ್ಲಪ್ಪ ಒಲ್ಲೆ ಎಂದ. ಎಲೆಯಿಂದ ಗುಣ ಬರುತ್ತಿದೆ, ಸ್ವಲ್ಪ ತಡವಾಗುತ್ತದೆ ಅಷ್ಟೇ ಎಂದ. ಚನ್ನವ್ವ ಅವನ ಹೆಬ್ಬೆರಳಿನ ಕಡೆ ಕೈ ತೋರಿಸಿದಳು.

“ಗುಣಾ ಬಂದಿದ್ರ ಕಾಲ ಯಾಕ ಕಪ್ಪ ಆಗೇತ್ರಿ?” ಎಂದು ಕೇಳಿದಳು. “ನನ್ನ ಸಲುವಾಗಿ ಒಮ್ಮೆ ಬರ್ರಿ. ಡಾಕ್ಟರು ಏನೂ ಇಲ್ಲ ಅಂದ್ರ ಎಲೀನ ತಿನ್ನೂಣು.”

ಮೋಟಾರು ಹತ್ತಿ ಕೊಲ್ಲಾಪುರಕ್ಕೆ ಹೋದರು.

ಪದ್ಮಕುಮಾರ ಇನ್ನೂ ಚಿಕ್ಕ ವಯಸ್ಸಿನವನು. ತೆಳ್ಳಗೆ, ಕನ್ನಡಕ. ಕಾಲು ನೋಡಿದ, ಗಾಯ ತೊಳೆದು ಕಟ್ಟಿದ. ನಂತರ ಒಂದು ಗಾಜಿನ ಪಾತ್ರೆ ಕೊಟ್ಟು ಮೂತ್ರ ತರಲು ಹೇಳಿದ. ಅಲ್ಲಪ್ಪನಿಗೆ ನಾಚಿಕೆಯಾಯಿತು. ಚನ್ನವ್ವ ಕಣ್ಣಲ್ಲೇ ಗದರಿಸಿದಳು.

ಹಿಂದಿನ ಕೋಣೆಯಲ್ಲಿ ಒಂದು ಮೇಜು, ಗಾಜಿನ ಕೊಳವೆಗಳು, ಸ್ಪಿರಿಟ್ ದೀಪ, ಸಣ್ಣ ತಕ್ಕಡಿ ಇದ್ದವು. ಪದ್ಮಕುಮಾರ ಒಂದು ಕೊಳವೆಗೆ ನೀಲಿ ಬಣ್ಣದ ಔಷಧ ಹಾಕಿ, ಕೆಲವು ಹನಿ ಮೂತ್ರ ಬಿಟ್ಟು, ದೀಪದ ಮೇಲೆ ಕಾಯಿಸಿದ. ಸಕ್ಕರೆ ಇಲ್ಲದಿದ್ದರೆ ಇದು ನೀಲಿಯಾಗಿಯೇ ಉಳಿಯುತ್ತದೆ, ಇದ್ದರೆ ಬಣ್ಣ ತಿರುಗುತ್ತದೆ ಎಂದು ಹೇಳಿದ. ನೋಡನೋಡುತ್ತ ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕಡೆಗೆ ಸುಟ್ಟ ಇಟ್ಟಂಗಿಯ ಕೆಂಪಾಗಿ ನಿಂತಿತು. ಡಾಕ್ಟರು ತನ್ನದನ್ನೂ ಹಾಗೇ ಕಾಯಿಸಿ ತೋರಿಸಿದ. ಅದು ನೀಲಿಯಾಗಿಯೇ ಇತ್ತು.

ಅಲ್ಲಪ್ಪ ನಂಬಲಿಲ್ಲ. ಎಲೆ ಅಗಿದರೆ ಬೆಲ್ಲವೇ ಸಪ್ಪಗಾಗುತ್ತದೆ, ಅಂಥ ಎಲೆ ದಿನಾ ತಿಂದವನ ಮೈಯಲ್ಲಿ ಸಕ್ಕರೆ ಹೇಗೆ ಉಳಿಯಿತು ಎಂದು ವಾದಿಸಿದ. ಗಂಟಿನಿಂದ ಎಲೆ ತೆಗೆದು ತೋರಿಸಿದ. ಪದ್ಮಕುಮಾರ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಇದು ಮಧುನಾಶಿನಿ ಎಂದು ಗುರುತು ಹಿಡಿದ.

“ಎಲಿ ಅಗೀರಿ,” ಎಂದ ಅವನು. “ನಿಮ್ಮ ಹತ್ರ ಬೆಲ್ಲ ಐತೇನು?”

ಗುಳವ್ಯಾನ ಗಂಟಿನಲ್ಲಿ ಬೆಲ್ಲ ಇಲ್ಲದೆ ಇರುತ್ತದೆಯೇ? ಪದ್ಮಕುಮಾರ ಆ ಬೆಲ್ಲವನ್ನು ಒಂದು ಲೋಟ ನೀರಿನಲ್ಲಿ ಕರಗಿಸಿ, ಅರ್ಧ ಕುಡಿಯಲು ಕೊಟ್ಟ. ಹೇಗಿದೆ ಎಂದು ಕೇಳಿದ.

“ನೀರು ಇದ್ದಂಗ ಐತ್ರಿ. ಸಿಹಿ ಇಲ್ಲ.”

“ಈಗ ಈ ನೀಲಿ ಔಷಧಕ್ಕ ಕೇಳೂಣು. ಇದಕ್ಕ ನಾಲಿಗಿ ಇಲ್ಲ. ಯಾವ ಎಲಿ ತಿನಿಸಿದ್ರೂ ಇದು ಮರುಳಾಗೂದಿಲ್ಲ.”

ಉಳಿದ ನೀರಿನ ಕೆಲವು ಹನಿಗಳನ್ನು ನೀಲಿ ಔಷಧಕ್ಕೆ ಬಿಟ್ಟು ಕಾಯಿಸಿದ. ಅದೂ ಕೆಂಪಾಯಿತು. ಅಲ್ಲಪ್ಪ ಕೊಳವೆಯನ್ನು ನೋಡಿದ, ಲೋಟವನ್ನು ನೋಡಿದ. ಬೆಲ್ಲ ಅವನದೇ. ಅವನ ಕಣ್ಣೆದುರೇ ಕರಗಿದ್ದು. ಅವನ ನಾಲಿಗೆ ಇಲ್ಲ ಅಂದದ್ದು ಆ ನೀರಿನಲ್ಲಿ ಪೂರಾ ಇತ್ತು.

“ಎಲಿ ನಿಮ್ಮ ನಾಲಿಗಿ ಕಟ್ಟೇತಿ,” ಎಂದ ಪದ್ಮಕುಮಾರ. “ಬೆಲ್ಲ ಎಲ್ಲೂ ಹೋಗಿಲ್ಲ.”

ಅಲ್ಲಪ್ಪ ಎಲೆ, ಬೆಲ್ಲದ ಗಂಟನ್ನು ಕಟ್ಟಿ ಪಕ್ಕಕ್ಕೆ ಸರಿಸಿದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ.

“ಹಂಗಾದ್ರ ನಾ ಇಷ್ಟ ದಿನಾ ತಿಂದದ್ದೆಲ್ಲಾ ಒಳಗ ಹೋಗೇತೇನ್ರಿ?”

ಹೋಗಿದೆ ಎಂದು ಡಾಕ್ಟರು ಹೇಳಿದ. ಇನ್ನು ತಡ ಮಾಡಿದರೆ ಬೆರಳಷ್ಟೇ ಅಲ್ಲ, ಕಾಲೇ ಹೋಗಬಹುದು, ಜೀವಕ್ಕೂ ಅಪಾಯ ಎಂದೂ ಮುಚ್ಚಿಡದೆ ಹೇಳಿದ. ಇನ್ಸುಲಿನ್ ಎಂಬ ಔಷಧವಿದೆ, ದಿನಾ ಸೂಜಿಯಿಂದ ಹಾಕಿಕೊಳ್ಳಬೇಕು, ಜೊತೆಗೆ ಬೆಲ್ಲ, ಸಕ್ಕರೆ ಬಿಟ್ಟು ಹಿತಮಿತವಾಗಿ ಉಣ್ಣಬೇಕು ಎಂದ. ಸೂಜಿಯ ಹೆಸರು ಕೇಳಿ ಅಲ್ಲಪ್ಪನ ಮುಖ ಬಾಡಿತು. ಊರಲ್ಲಿ ದಿನಾ ಸೂಜಿ ಹಾಕುವವರು ಯಾರು ಎಂದು ಕೇಳಿದ.

“ನಾ ಕಲೀತೇನಿ,” ಎಂದಳು ಚನ್ನವ್ವ. “ಹೆಂಗ ಹಾಕೂದು ತೋರಸ್ರಿ.”

ಗಂಡ ಹೆಂಡತಿ ಗೌರವ್ವನ ಮನೆಯಲ್ಲೇ ಉಳಿದರು. ಚನ್ನವ್ವ ದಿನಾ ಡಾಕ್ಟರರ ಮನೆಗೆ ಹೋಗಿ ಕಲಿತಳು. ಸೂಜಿ ಕುದಿಸುವುದು, ಔಷಧವನ್ನು ಗೆರೆ ನೋಡಿ ಎಳೆಯುವುದು, ಚರ್ಮ ಹಿಡಿದು ಚುಚ್ಚುವುದು ಎಲ್ಲ ಬಂತು. ಶೀಶೆಯನ್ನು ಒದ್ದೆ ಮರಳಿನ ಗಡಿಗೆಯಲ್ಲಿ ತಂಪಾಗಿ ಇಡಲು ಕಲಿತಳು. ಸೂಜಿ ಹಾಕಿದ ಮೇಲೆ ಊಟ ತಪ್ಪಿಸಬಾರದು, ಬೆವರು ಬಂದು ಕೈ ನಡುಗಿದರೆ ಆಗ ಮಾತ್ರ ತಕ್ಷಣ ಬೆಲ್ಲದ ನೀರು ಕುಡಿಸಬೇಕು ಎಂಬುದನ್ನೂ ಕಲಿತಳು. ಮೊದಲ ಸಲ ಗಂಡನಿಗೆ ಚುಚ್ಚುವಾಗ ಅವಳ ಕಣ್ಣಲ್ಲಿ ನೀರು ಬಂದಿತ್ತು, ಕೈ ಮಾತ್ರ ಅಲ್ಲಾಡಲಿಲ್ಲ. ಕೊಳವೆಯ ಬಣ್ಣ ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ಇಳಿಯುತ್ತ ಬಂತು. ಹೆಬ್ಬೆರಳಿನ ಕಪ್ಪು ಚರ್ಮ ಕಳಚಿ ಒಳಗಿನಿಂದ ಹೊಸ ಗುಲಾಬಿ ಮಾಂಸ ಕಾಣಿಸಿತು.

ಇಷ್ಟರಲ್ಲಿ ಊರಿಗೆ ಸುದ್ದಿ ಮುಟ್ಟಿತ್ತು. ಸುದ್ದಿ ದಾರಿಯಲ್ಲಿ ಬೆಳೆಯುವುದು ಇದ್ದದ್ದೇ. ನಾಗೂಬಾಯಿಯ ಎಲೆ ಸುಳ್ಳು ಎಂದು ಕೊಲ್ಲಾಪುರದ ಡಾಕ್ಟರು ಹೇಳಿದನಂತೆ ಎಂದು ಜನ ಆಡಿಕೊಂಡರು. ನಾಗೂಬಾಯಿ ಕೇಳಿದಳು. ಎರಡು ಬುಟ್ಟಿ ಎಲೆ ಕಟ್ಟಿಕೊಂಡು ತಾನೇ ಕೊಲ್ಲಾಪುರದ ಮೋಟಾರು ಹತ್ತಿದಳು. ಡಾಕ್ಟರರ ಬಾಗಿಲಲ್ಲಿ ಬುಟ್ಟಿ ಇಳಿಸಿದಳು.

“ನನ್ನ ಎಲಿ ಖೋಟಾ ಅಂದ್ರಂತ. ಹೌದೇನ್ರಿ?”

“ಹಂಗ ಅಂದಿಲ್ಲ ಆಯಿ,” ಎಂದ ಪದ್ಮಕುಮಾರ. “ನಾಲಿಗಿ ಮ್ಯಾಲಿಂದ ಮೈಯಾಗಿನ ಹಕೀಕತ್ತು ತಿಳಿಯೂದಿಲ್ಲ ಅಂದೇನಿ. ನಿಮ್ಮ ಎಲಿ ಸಕ್ರಿ ಇಳಸ್ತೈತೋ ಇಲ್ಲೋ, ಅದು ನನಗ ಇನ್ನಾ ಗೊತ್ತಿಲ್ಲ.”

ತನಗೆ ಗೊತ್ತು ಎಂದಳು ನಾಗೂಬಾಯಿ. ಅತ್ತೆಯ ಕಾಲದಿಂದ ಕೊಡುತ್ತ ಬಂದಿದ್ದೇನೆ ಎಂದಳು. ಪದ್ಮಕುಮಾರ ಅವಳನ್ನು ಕೂಡಿಸಿ, ನೀರು ಕೊಟ್ಟು, ಮೆಲ್ಲಗೆ ಒಂದು ಮಾತು ಕೇಳಿದ. ಎಲೆ ತಗೊಂಡವರಲ್ಲಿ ಯಾರು ಗುಣವಾದರು, ಯಾರು ಆಗಲಿಲ್ಲ, ಆಮೇಲೆ ನೋಡಿದ್ದೀರಾ ಎಂದ.

ನಾಗೂಬಾಯಿ ಬೆರಳು ಮಡಚಿ ಎಣಿಸತೊಡಗಿದಳು. ತಾನು ಎಲೆ ಕೊಟ್ಟವರ ಮುಖಗಳು ಒಂದೊಂದಾಗಿ ಅವಳಿಗೆ ನೆನಪಾದವು.

“ತಿರುಗಿ ಬರಲಿಲ್ಲಂದ್ರ ಆರಾಮ ಆದ್ರು ಅಂತ ತಿಳಕೊಂಡೇನಿ,” ಎಂದಳು ಕಡೆಗೆ. ಆ ಮಾತು ಅವಳಿಗೇ ಭಾರವಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಹೇಳಿದಳು. “ಪರೀಕ್ಷಾ ಮಾಡೇ ಬಿಡ್ರಿ ಡಾಕ್ಟರ. ಖರೇ ಇದ್ದಷ್ಟು ಖರೇ ಅನ್ರಿ. ಸುಳ್ಳ ಇದ್ರ ಮೊದಲ ನನಗ ಹೇಳ್ರಿ. ಊರಿಗೆ ನಾನ ಹೇಳ್ತೇನಿ.”

ಪದ್ಮಕುಮಾರ ಎದ್ದು ನಿಂತು ಕೈಮುಗಿದ.

ಪರೀಕ್ಷೆ ಹೇಗೆ ಮಾಡಬೇಕು ಎಂಬುದು ಸುಲಭದ ಮಾತಾಗಿರಲಿಲ್ಲ. ಮುಂಬೈಯಲ್ಲಿ ಮೊಲಗಳ ಮೇಲೆ ಮೊದಲು ನೋಡುತ್ತಾರೆ. ಆದರೆ ಪದ್ಮಕುಮಾರನ ತಾಯಿ ಚಂಪಾಬಾಯಿ, ಈ ಮನೆಯಲ್ಲಿ ಮೂಕ ಪ್ರಾಣಿಗೆ ಸೂಜಿ ತಾಗಕೂಡದು ಎಂದು ಮೊದಲೇ ಹೇಳಿದ್ದರು. ಅವರು ಸಂಜೆ ಹೊತ್ತು ಮುಳುಗುವ ಮೊದಲೇ ಉಣ್ಣುವ, ನೀರನ್ನು ಸೋಸಿ ಕುಡಿಯುವ ಹೆಂಗಸು. ಮಗ ಅವರ ಮಾತು ಮೀರಲಿಲ್ಲ. ಮಧುನಾಶಿನಿಯನ್ನು ಜನ ಹಿಂದಿನಿಂದಲೂ ತಿನ್ನುತ್ತ ಬಂದಿದ್ದಾರೆ, ಆದ್ದರಿಂದ ಎಲೆಯ ಸಾರವನ್ನು ಮೊದಲು ನಾನೇ ತಗೊಂಡು ನೋಡುತ್ತೇನೆ, ಆಮೇಲೆ ಎಲ್ಲ ತಿಳಿದು ಮನಸಾರೆ ಒಪ್ಪಿದ ರೋಗಿಗಳಿಗೆ ಮಾತ್ರ ಕೊಡುತ್ತೇನೆ ಎಂದ. ಅಲ್ಲಪ್ಪನಂತೆ ಗಾಯ ಹೆಚ್ಚಾದವರನ್ನು ಪರೀಕ್ಷೆಗೆ ಸೇರಿಸುವುದಿಲ್ಲ, ಅವರ ಇನ್ಸುಲಿನ್ ಒಂದು ಹೊತ್ತೂ ನಿಲ್ಲಬಾರದು ಎಂದೂ ಹೇಳಿದ.

ಇನ್ನೊಂದು ತೊಡಕು ಇತ್ತು. ಔಷಧಿ ತಗೊಂಡೆ ಎಂಬ ಧೈರ್ಯದಿಂದಲೇ ಮನುಷ್ಯ ಪಥ್ಯ ಹಿಡಿಯುತ್ತಾನೆ, ಗೆಲುವಾಗುತ್ತಾನೆ. ಗುಣ ಎಲೆಯದೋ, ಧೈರ್ಯದ್ದೋ, ಹೇಗೆ ತಿಳಿಯುವುದು? ಅದಕ್ಕೆ ಎರಡು ಬಗೆಯ ಪುಡಿ ಮಾಡಿದರು. ಒಂದು ಎಲೆಯ ಸಾರದ್ದು. ಇನ್ನೊಂದು ಏನೂ ಗುಣವಿಲ್ಲದ ಪುಡಿ. ಕೆಲವು ವಾರ ಒಂದು, ಕೆಲವು ವಾರ ಇನ್ನೊಂದು ಕೊಟ್ಟು, ಊಟ ಒಂದೇ ಇಟ್ಟು, ಮೂತ್ರ, ರಕ್ತ ಎರಡನ್ನೂ ಪರೀಕ್ಷಿಸಿ ಹೋಲಿಸುವುದು. ಯಾವುದು ಯಾವುದೆಂದು ತಿನ್ನುವವರಿಗೂ ಗೊತ್ತಿರಬಾರದು, ಪರೀಕ್ಷೆ ಮಾಡುವವನಿಗೂ ಗೊತ್ತಿರಬಾರದು.

ಆದರೆ ಮಧುನಾಶಿನಿಯನ್ನು ಮುಚ್ಚಿಡುವುದು ಹೇಗೆ? ಬಾಯಿಗೆ ತಾಗಿದರೆ ಸಾಕು, ಬೆಲ್ಲ ತಿಂದು ಯಾರು ಬೇಕಾದರೂ ಹೇಳಿಬಿಡುತ್ತಾರೆ. ಪದ್ಮಕುಮಾರ ಪುಡಿಯನ್ನು ಹಿಟ್ಟಿನ ತೆಳು ಪೊರೆಯೊಳಗೆ ತುಂಬಿ ಗುಳಿಗೆ ಮಾಡಿದ. ನೀರಿನ ಜೊತೆ ಹಾಗೇ ನುಂಗಬಹುದು. ಮುಚ್ಚಿದ್ದು ಸರಿಯಾಗಿದೆಯೇ ಎಂದು ನೋಡಲು ಒಂದು ಒಳ್ಳೆಯ ನಾಲಿಗೆ ಬೇಕಾಗಿತ್ತು. ಡಾಕ್ಟರು ಅಲ್ಲಪ್ಪನನ್ನು ಕರೆದ. ಬರೀ ಬಾಯಲ್ಲಿಟ್ಟು ನೋಡಿ, ನುಂಗಬೇಡಿ ಎಂದ.

ಎಲೆ ಅಗಿಯುವುದನ್ನು ಅಲ್ಲಪ್ಪ ಬಿಟ್ಟು ಬಹಳ ದಿನವಾಗಿತ್ತು. ನಾಲಿಗೆ ಮೊದಲಿನಂತೆ ಚುರುಕಾಗಿತ್ತು. ಗುಳಿಗೆಯನ್ನು ಆಚೀಚೆ ತಿರುಗಿಸಿದ, ಕಣ್ಣು ಮುಚ್ಚಿ ನೋಡಿದ, ಇನ್ನೊಂದನ್ನು ಇಟ್ಟುಕೊಂಡು ನೋಡಿದ. ಸೋತೆ ಎಂದು ಕೈ ಎತ್ತಿದ. ಅಲ್ಲಪ್ಪನಿಗೆ ತಿಳಿಯಲಿಲ್ಲವೆಂದರೆ ಕೊಲ್ಲಾಪುರ ಸೀಮೆಯಲ್ಲಿ ಯಾರಿಗೂ ತಿಳಿಯದು ಎಂದು ಪದ್ಮಕುಮಾರ ನಕ್ಕ. ಬಹಳ ದಿನಗಳ ಮೇಲೆ ಅಲ್ಲಪ್ಪನೂ ನಕ್ಕ.

ಗುಳಿಗೆಯ ಪೊಟ್ಟಣಗಳಿಗೆ ಚಂಪಾಬಾಯಿ ಒಬ್ಬರೇ ಕೂತು ದಾರ ಕಟ್ಟಿದರು. ಒಂದು ಬಗೆಗೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ. ಯಾವ ದಾರದ್ದು ಎಲೆ ಎಂಬುದು ಅವರೊಬ್ಬರಿಗೇ ಗೊತ್ತು. ಮಗ ಕೇಳಿದರೂ ಹೇಳುವುದಿಲ್ಲ ಎಂದು ಮಾತು ಕೊಟ್ಟರು.

ಹೇಳಿದಂತೆ ಪದ್ಮಕುಮಾರ ಮೊದಲು ತಾನೇ ಕೆಲವು ದಿನ ಎಲೆಯ ಸಾರ ತಗೊಂಡು, ತೊಂದರೆ ಏನೂ ಇಲ್ಲವೆಂದು ನೋಡಿಕೊಂಡ. ಪರೀಕ್ಷೆಗೆ ಒಪ್ಪಿದವರಲ್ಲಿ ಇಚಲಕರಂಜಿಯ ಕುಂಥುನಾಥ ಒಬ್ಬರು. ನೂಲಿನ ವ್ಯಾಪಾರಿ. ಸಕ್ಕರೆ ಬೇನೆ ಅವರಿಗೆ ಈಗೀಗ ಶುರುವಾಗಿತ್ತು, ಅಷ್ಟು ಜೋರಿರಲಿಲ್ಲ. ಮಗ್ಗಗಳ ಸದ್ದಿನ ನಡುವೆಯೇ ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗುತ್ತಿದ್ದರು, ವಾರವಾರ ಕೊಲ್ಲಾಪುರಕ್ಕೆ ಬಂದು ಪರೀಕ್ಷೆಗೆ ಕೊಡುತ್ತಿದ್ದರು. ಅವರಂತೆಯೇ ಇನ್ನು ಕೆಲವರು ಇದ್ದರು. ಇಬ್ಬರಿಗೆ ಮಾತ್ರ ಬೇನೆ ಹಳೆಯದು, ಜೋರಿನದು. ಅವರು ಇನ್ಸುಲಿನ್ ಬಿಡದೆ ಅದರ ಜೊತೆಗೆ ಗುಳಿಗೆ ತಗೊಂಡರು. ನಾಗೂಬಾಯಿ ಊರಿಗೂ ಕೊಲ್ಲಾಪುರಕ್ಕೂ ಓಡಾಡಿ ಎಲೆ ತಂದು ಕೊಟ್ಟಳು. ಎಂಥ ಎಲೆ ಕೀಳಬೇಕು, ನೆರಳಲ್ಲಿ ಹೇಗೆ ಒಣಗಿಸಬೇಕು ಎಂದು ಡಾಕ್ಟರಿಗೆ ತೋರಿಸಿದಳು. ಅವನು ಕೊಳವೆ ಕಾಯಿಸುವುದನ್ನು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಈ ನಡುವೆ ಅಲ್ಲಪ್ಪ, ಚನ್ನವ್ವ ಸೂಜಿ, ಶೀಶೆಗಳೊಡನೆ ಊರಿಗೆ ಮರಳಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಪರೀಕ್ಷೆಯೂ ಮುಗಿಯಿತು. ಎಲ್ಲರೂ ಡಾಕ್ಟರರ ಹಿಂದಿನ ಕೋಣೆಯಲ್ಲಿ ಸೇರಿದರು. ಅಲ್ಲಪ್ಪ, ಚನ್ನವ್ವ ಊರಿಂದ ಬಂದರು. ಕುಂಥುನಾಥ ಬಂದರು. ನಾಗೂಬಾಯಿ ಗೋಡೆಗೆ ಒರಗಿ ಕೂತಳು, ಕೈಗಳನ್ನು ಮಡಿಲಲ್ಲಿ ಹಿಸುಕಿಕೊಳ್ಳುತ್ತಿದ್ದಳು.

ಪದ್ಮಕುಮಾರ ಕಂಡದ್ದನ್ನು ಕಂಡ ಹಾಗೆ ಹೇಳಿದ. ಕೆಂಪು ದಾರದ ವಾರಗಳಲ್ಲಿ ಯಾರ ಕೊಳವೆಯ ಬಣ್ಣವೂ ಬದಲಾಗಿಲ್ಲ. ಬಿಳಿ ದಾರದ ವಾರಗಳಲ್ಲಿ ಬೇನೆ ಹಗುರವಾಗಿದ್ದವರ ಬಣ್ಣ ಕೆಂಪಿನಿಂದ ಹಳದಿಗೆ ಬಂದಿದೆ. ಕುಂಥುನಾಥರದು ಹಸಿರಿನವರೆಗೂ ಇಳಿದಿದೆ. ರಕ್ತವೂ ಅದನ್ನೇ ಹೇಳಿದೆ. ಬೇನೆ ಜೋರಾಗಿದ್ದ ಇಬ್ಬರಲ್ಲಿ ಮಾತ್ರ ಯಾವ ದಾರದಿಂದಲೂ ಏನೂ ಆಗಿಲ್ಲ. ಯಾರ ಕೊಳವೆಯೂ ಗುಳಿಗೆಯೊಂದರಿಂದಲೇ ಪೂರಾ ನೀಲಿಯಾಗಿಲ್ಲ.

ಆಮೇಲೆ ತಾಯಿಯ ಕಡೆಗೆ ತಿರುಗಿ, ಯಾವುದು ಎಲೆ ಎಂದು ಕೇಳಿದ.

“ಬಿಳೀದು,” ಎಂದರು ಚಂಪಾಬಾಯಿ.

ನಾಗೂಬಾಯಿ ಎದ್ದು ಬಂದು ಮೇಜಿನ ಮೇಲಿದ್ದ ಹಸಿರು ಬಣ್ಣದ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಅವಳ ಕಣ್ಣು ತುಂಬಿ ಬಂತು. ಎಲೆಯಲ್ಲಿ ಗುಣವಿದೆ ಎಂದು ಅವಳು ಇಷ್ಟು ಕಾಲ ನಂಬಿದ್ದಳು. ಇವತ್ತು ಮೊದಲ ಸಲ ಅದನ್ನು ಕಣ್ಣಾರೆ ಕಂಡಳು.

ಪದ್ಮಕುಮಾರನಿಗೂ ಸಂತೋಷ ತಡೆಯಲಾಗಲಿಲ್ಲ. ಆದರೂ ಎಚ್ಚರಿಕೆಯ ಮಾತು ಬಿಡಲಿಲ್ಲ. ಇಷ್ಟು ಮಂದಿಯ ಪರೀಕ್ಷೆ ಸಾಲದು, ದೊಡ್ಡ ಪ್ರಯೋಗಶಾಲೆಯವರು ಹೆಚ್ಚು ಜನರಲ್ಲಿ ಮತ್ತೆ ನೋಡಬೇಕು, ಎಲೆಯ ಸಾರವನ್ನು ಮುಂಬೈಗೆ ಕಳಿಸುತ್ತೇನೆ ಎಂದ. ಈ ಎಲೆ ಕೆಲವರಿಗೆ ಸ್ವಲ್ಪ ನೆರವಾಗಬಹುದು, ಇನ್ಸುಲಿನ್ ಜಾಗಕ್ಕೆ ಬರಲಾರದು ಎಂದು ಬಿಡಿಸಿ ಹೇಳಿದ.

“ಇಷ್ಟ ಸಾಕ್ರಿ,” ಎಂದಳು ನಾಗೂಬಾಯಿ. “ಎಷ್ಟು ಖರೇ ಅನ್ನೂದು ಗೊತ್ತಾತಲ್ಲ. ಇನ್ನ ಅಳತಿ ಮೀರಿ ಹೇಳೂದಿಲ್ಲ.”

ಸುಗ್ಗಿ ಬಂತು. ಅಲ್ಲಪ್ಪ ಮತ್ತೆ ಕೊಪ್ಪರಿಗೆಯ ಮುಂದೆ ನಿಂತ. ಗಾಯ ಮಾದಿತ್ತು, ಕಾಲಿಗೆ ಗಟ್ಟಿ ಚಪ್ಪಲಿ ಹಾಕಿದ್ದ. ಮೈ ತುಂಬಿಕೊಂಡಿತ್ತು. ಹನಿಯನ್ನು ನಾಲಿಗೆಗೆ ಮುಟ್ಟಿಸಿ ಉಗುಳಿಬಿಡುತ್ತಿದ್ದ, ನುಂಗುತ್ತಿರಲಿಲ್ಲ. ಮೊದಲ ಬೆಲ್ಲ ಇಳಿಸಿದ ದಿನ ಊರೇ ಗಾಣದ ಹತ್ತಿರ ಸೇರಿತು. ಬೆಲ್ಲ ಹೊನ್ನಿನ ಬಣ್ಣಕ್ಕೆ ಬಂದು ಅಚ್ಚಿನಲ್ಲಿ ಗಟ್ಟಿಯಾಗಿ ನಿಂತಿತು. ಚನ್ನವ್ವ ಪೆಂಟಿಯ ಮೇಲೆ ಅಂಗೈ ತಟ್ಟಿ ನೋಡಿ ಗಂಡನ ಮುಖ ನೋಡಿದಳು.

ಆ ದಿನ ಪದ್ಮಕುಮಾರನೂ ದೀಪ, ಕೊಳವೆಗಳ ಪೆಟ್ಟಿಗೆ ಹಿಡಿದು ಬಂದಿದ್ದ. ಅವನನ್ನು ಕರೆಸಿದವಳು ನಾಗೂಬಾಯಿ. ಅವಳು ಜನರ ನಡುವೆ ನಿಂತು, ನಡೆದದ್ದನ್ನೆಲ್ಲ ಹೇಳಿದಳು. ಬಾಯಿ ಸಪ್ಪಗಾದದ್ದನ್ನು ನಂಬಿ ತಾನೂ ಮೋಸಹೋದೆ ಎಂದಳು. ಎಲೆಗೆ ಗುಣ ಇದೆ, ಆದರೆ ಇಷ್ಟೇ ಇದೆ, ಎಲ್ಲರಿಗೂ ಇಲ್ಲ ಎಂದು ಬೆರಳ ತುದಿ ತೋರಿಸಿ ಹೇಳಿದಳು.

ಧಣಿ ದುಂಡಪ್ಪ ನಗುತ್ತ ನಿಂತಿದ್ದ. ಡಾಕ್ಟರನ್ನು ಮೂತ್ರ ಕಾಯಿಸುವವನು ಎಂದು ಊರೆಲ್ಲ ಆಡಿಕೊಂಡವನು ಅವನೇ. ಆದರೆ ಅವನಿಗೂ ಕೆಲವು ತಿಂಗಳಿಂದ ಬಾಯಾರಿಕೆ ಹೆಚ್ಚಿತ್ತು. ಹಿಂದಿನ ವಾರ ಆಳನ್ನು ಕಳಿಸಿ ನಾಗೂಬಾಯಿಯ ಹತ್ತಿರ ಎಲೆ ಕೇಳಿದ್ದ. ಅವಳು ಕೊಟ್ಟಿರಲಿಲ್ಲ. ಈಗ ಎಲ್ಲರ ಮುಂದೆಯೇ ಕೇಳಿದ, ಕೇಳಿದವರಿಗೆ ಎಲೆ ಕೊಡದಿದ್ದರೆ ಆಯಿ ಎನ್ನಿಸಿಕೊಳ್ಳುವುದು ಯಾಕೆ ಎಂದು.

“ಕೊಡ್ತೇನಿ ದುಂಡಪ್ಪ,” ಎಂದಳು ನಾಗೂಬಾಯಿ. “ಮೊದಲ ಪರೀಕ್ಷಾ ಮಾಡಸು. ಆಮ್ಯಾಲ ಡಾಕ್ಟರು ಕೊಡು ಅಂದ್ರ ಕೊಡ್ತೇನಿ. ನನ್ನ ಮನ್ಯಾಗ ಇನ್ನ ಹಿಂಗ.”

ಜನ ದುಂಡಪ್ಪನ ಕಡೆ ನೋಡಿದರು. ಹಿಂದೆ ಸರಿಯಲು ದಾರಿ ಇರಲಿಲ್ಲ. ಗಾಣದ ಗುಡಿಸಲಿನ ಹಿಂದೆ ಹೋಗಿ ಬಂದ. ಕೊಳವೆ ಹಿಡಿದು ದೀಪದ ಮೇಲೆ ಕಾಯಿಸಿದವಳು ನಾಗೂಬಾಯಿ. ಪದ್ಮಕುಮಾರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ನೀಲಿ ಹಸಿರಾಯಿತು, ಹಳದಿಯಾಯಿತು, ಕೆಂಪಿಗೆ ತಿರುಗಿತು. ದುಂಡಪ್ಪನ ನಗು ಹೋಯಿತು.

ಅವನ ಹತ್ತಿರ ಮೊದಲು ಹೋದವನು ಅಲ್ಲಪ್ಪ.

“ಅಂಜಬ್ಯಾಡ್ರಿ ಧಣಿ,” ಎಂದ. “ನಂದು ಇದಕ್ಕಿಂತ ಕೆಂಪ ಇತ್ತು. ನಾ ಇಲ್ಲೇ ನಿಂತೇನಿ ನೋಡ್ರಿ.”

ದುಂಡಪ್ಪ ಮಧ್ಯಾಹ್ನದ ಮೋಟಾರಿಗೇ ಡಾಕ್ಟರರ ಜೊತೆ ಕೊಲ್ಲಾಪುರಕ್ಕೆ ಹೊರಟ. ಅವನ ಹೆಂಡತಿ ಯಮುನಾಬಾಯಿ ಹೊರಡುವ ಮೊದಲು ಚನ್ನವ್ವನನ್ನು ಬದಿಗೆ ಕರೆದು, ಸೂಜಿ ಹಾಕುವುದನ್ನು ನನಗೂ ಕಲಿಸುತ್ತೀಯಾ ಎಂದು ಕೇಳಿದಳು. ಚನ್ನವ್ವ ಅವಳ ಕೈ ಹಿಡಿದು ಕಲಿಸುತ್ತೇನೆ ಎಂದಳು. ಡಾಕ್ಟರು ದೀಪ, ಕೊಳವೆಗಳ ಪೆಟ್ಟಿಗೆಯನ್ನು ನಾಗೂಬಾಯಿಗೇ ಬಿಟ್ಟು ಹೋಗಿದ್ದ. ದುಂಡಪ್ಪ ಹೋದ ಮೇಲೂ ಜನ ಕದಲಲಿಲ್ಲ. ನಂದೂ ನೋಡು ಆಯಿ, ನಮ್ಮ ಅವ್ವಂದೂ ನೋಡು ಎಂದು ಗಾಣದ ಮುಂದೆ ಸಾಲು ನಿಂತಿತು. ಮುಂದೆ ಆ ಸೀಮೆಯಲ್ಲಿ ಎಲೆ ಕೇಳಲು ಬಂದವರಿಗೆಲ್ಲ ನಾಗೂಬಾಯಿ ಮೊದಲು ದೀಪ ಹಚ್ಚುತ್ತಿದ್ದಳು. ಬಣ್ಣ ತಿರುಗಿದರೆ ಎಲೆಯ ಬದಲು ಡಾಕ್ಟರರ ವಿಳಾಸ ಕೊಡುತ್ತಿದ್ದಳು.

ಈ ಕಥೆ ಓದುತ್ತಿರುವ ಅಕ್ಕ, ಅಣ್ಣ, ಈಗ ನಿಮ್ಮ ಮಾತಿಗೆ ಬರೋಣ. ನಿಮ್ಮ ಮನೆಯಲ್ಲಿ ಯಾರಿಗಾದರೂ ಬಾಯಾರಿಕೆ ಹೆಚ್ಚಾಗಿದೆಯೇ? ಮತ್ತೆಮತ್ತೆ ಮೂತ್ರಕ್ಕೆ ಏಳುತ್ತಾರೆಯೇ? ಗಾಯ ಬೇಗ ಮಾಯುತ್ತಿಲ್ಲವೇ? ಸುಮ್ಮನೆ ಮೈ ಇಳಿಯುತ್ತಿದೆಯೇ? ನಾಳೆಯೇ ಹತ್ತಿರದ ಸರಕಾರಿ ದವಾಖಾನೆಗೆ ಕರೆದುಕೊಂಡು ಹೋಗಿ. ಈಗ ದೀಪವೂ ಬೇಡ, ಕೊಳವೆಯೂ ಬೇಡ. ಬೆರಳ ತುದಿಯ ಒಂದು ಹನಿ ರಕ್ತ ಸಾಕು, ಕೂತಲ್ಲೇ ಗೊತ್ತಾಗುತ್ತದೆ.

ಎಲೆ, ಬೇರು, ಪುಡಿ, ಕಷಾಯ ಯಾವುದೇ ಇರಲಿ, ಅದನ್ನು ಬೈಯಬೇಡಿ, ಕಣ್ಣು ಮುಚ್ಚಿ ನಂಬಲೂ ಬೇಡಿ. ಇದನ್ನು ಯಾರು ಪರೀಕ್ಷಿಸಿದ್ದಾರೆ, ಎಷ್ಟು ಜನರಲ್ಲಿ ನೋಡಿದ್ದಾರೆ, ಯಾರಿಗೆ ಆಗುವುದಿಲ್ಲ ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಗಿಡಮೂಲಿಕೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಅವರು ಕೊಟ್ಟ ಗುಳಿಗೆಯನ್ನಾಗಲಿ, ಇನ್ಸುಲಿನ್ನನ್ನಾಗಲಿ ಯಾರ ಮಾತು ಕೇಳಿಯೂ ನಿಲ್ಲಿಸಬೇಡಿ.

ಪರೀಕ್ಷೆಗೆ ಹೆದರಬೇಡಿ. ಇವತ್ತು ಈ ಕಥೆಯನ್ನು ಮನೆಯ ಹಿರಿಯರಿಗೆ ಓದಿ ಹೇಳಿ, ನಾಳೆ ಮುಂಜಾನೆ ಅವರ ಕೈ ಹಿಡಿದು ದವಾಖಾನೆಗೆ ನಡೆಯಿರಿ.